ಗಾಡಿಗೆ ಕಟ್ಟಿದ ಎತ್ತು

ಹೋದ ತಿಂಗಳು ನಮ್ಮೂರಲ್ಲಿ ಒಂದು ಎತ್ತನ್ನು ಅರೆಸ್ಟ್ ಮಾಡಿದರು.

ತಮಾಷೆ ಮಾಡುತ್ತಿಲ್ಲ ಕಣ್ರೀ. ಪಂಚನಾಮೆ ಆಯಿತು, ಇಬ್ಬರು ಸಾಕ್ಷಿಗಳ ರುಜು ಬಿತ್ತು, ಎತ್ತನ್ನು ನಡೆಸಿಕೊಂಡು ಹೋಗಿ ಸರ್ಕಾರಿ ದೊಡ್ಡಿಯೊಳಗೆ ಕೂಡಿ ಬೀಗ ಹಾಕಿದರು. ಕಾರಣ? ಅದಕ್ಕೆ ಹಿಂಸೆಯಾಗಿದೆಯಂತೆ. ಹಿಂಸೆಪಟ್ಟವರನ್ನೇ ಬೀಗದೊಳಗೆ ಇಡುವ ಕಾನೂನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

(ನಮ್ಮೂರು ಯಾವುದು ಅಂತ ಬರೆಯುವುದಿಲ್ಲ, ನಾನು ಇಲ್ಲೇ ಬಾಳಬೇಕು. ಹುಣಸೂರಿನವರು ಪಿರಿಯಾಪಟ್ಟಣ ಅಂದುಕೊಳ್ಳಲಿ, ಪಿರಿಯಾಪಟ್ಟಣದವರು ಕೃಷ್ಣರಾಜನಗರ ಅಂದುಕೊಳ್ಳಲಿ.)

ಎತ್ತಿನ ಹೆಸರು ಕೆಂದ. ಯಜಮಾನ ಕರಿಗೌಡ, ಪಕ್ಕದ ಹಳ್ಳಿಯಿಂದ ನಮ್ಮ ಮನೆಗೆ ಅವರೆಕಾಯಿ ತಂದುಕೊಡುವ ರೈತ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಎಳೆದೂ ಎಳೆದೂ ಕೆಂದನ ಹೆಗಲು ಹುಣ್ಣಾಗಿತ್ತು.

"ಉಳ ಬಿದ್ದದೆ ಸಾಮಿ. ಒಗೆಸೊಪ್ಪು ಅರೆದು ತುಂಬ್‌ಬುಟ್ರೆ ಉದುರೋಯ್ತವೆ," ಅಂದ.

ನಾನು ಸ್ಕೂಲು ಮೇಷ್ಟರು. ಸುಮ್ಮನಿರಲಾದೀತೆ? "ಯಾವ ಕಾಲದಲ್ಲಿದ್ದೀಯ ಮಾರಾಯ? ಸರ್ಕಾರ ದನದ ಆಸ್ಪತ್ರೆ ಕಟ್ಟಿಸಿರೋದು ಯಾತಕ್ಕೆ? ಅಲ್ಲಿಗೆ ಕರಕೊಂಡು ಹೋಗು," ಅಂತ ಬುದ್ಧಿ ಹೇಳಿದೆ. ಆ ಬುದ್ಧಿಯನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಇದನ್ನು ಬರೆಯುವ ಗ್ರಹಚಾರ ಬರುತ್ತಿರಲಿಲ್ಲ.

ಕರಿಗೌಡ ಪಾಪ, ಹೇಳಿದಂತೆ ಕೇಳಿದ. ಜೊತೆಯ ಎತ್ತು ಕಣ್ಣಿಗೆ ಕಾಣದಿದ್ದರೆ ಕೆಂದ ಊರು ಬಿಟ್ಟು ಕದಲುವುದಿಲ್ಲ. ಹುಣ್ಣಿನ ಹೆಗಲಿಗೆ ನೊಗ ಇಡುವಂತೆಯೂ ಇಲ್ಲ. ಅದಕ್ಕೇ ಪಕ್ಕದ ಮನೆಯ ಎತ್ತನ್ನು ಕೇಳಿ ತಂದು ತನ್ನ ಇನ್ನೊಂದು ಎತ್ತಿನ ಜೊತೆ ಗಾಡಿಗೆ ಹೂಡಿದ. ಕೆಂದನನ್ನು ಗಾಡಿಯ ಹಿಂದಕ್ಕೆ ಹಗ್ಗದಲ್ಲಿ ಕಟ್ಟಿ, ಅದರ ನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ಬಂದ. ಆಸ್ಪತ್ರೆಯ ಮುಂದೆ ಗಾಡಿ ಬಿಟ್ಟು, ಮೂರು ಎತ್ತನ್ನೂ ಹೊಂಗೆ ಮರದ ನೆರಳಿನಲ್ಲಿ ನಿಲ್ಲಿಸಿ ಡಾಕ್ಟರಿಗೆ ಕಾಯುತ್ತಾ ಕೂತ.

ಡಾಕ್ಟರಿಗಿಂತ ಮೊದಲು ಕಾನ್‌ಸ್ಟೇಬಲ್ ಬಂದ. ಪ್ರಾಣಿಹಿಂಸೆ ಕೇಸುಗಳನ್ನು ಹಿಡಿಯಿರಿ ಅಂತ ಮೇಲಿನಿಂದ ಸರ್ಕ್ಯುಲರ್ ಬಂದಿದ್ದ ವಾರ ಅದು. ಕೆಂದನ ಹೆಗಲು ಅವನ ಕಣ್ಣಿಗೆ ಬಿತ್ತು.

"ಈ ಎತ್ತನ್ನ ಗಾಡಿಗೆ ಕಟ್ಟಿದ್ಯೇನೋ?"

"ಊ ಸಾಮಿ, ಕಟ್ಟಿದ್ದೆ."

"ಊರಿಂದ ಇಲ್ಲೀಗಂಟ?"

"ಊರಿಂದ್ಲೇ ಕಟ್ಕೊಂಡು ಬಂದಿವ್ನಿ."

ಮುಗಿಯಿತು! ಗಾಡಿಗೆ ಕಟ್ಟುವುದು ಅಂದರೆ ನೊಗಕ್ಕೆ ಹೂಡುವುದೂ ಹೌದು, ಹಿಂದೆ ಹಗ್ಗ ಬಿಗಿಯುವುದೂ ಹೌದು. ಕರಿಗೌಡ ಎರಡನೆಯದನ್ನು ಹೇಳಿದ, ಪೊಲೀಸು ಮೊದಲನೆಯದನ್ನು ಬರೆದುಕೊಂಡ. ಹುಣ್ಣಿದ್ದ ಎತ್ತನ್ನು ಹೂಡಿದ್ದೇನೆಂದು ಆರೋಪಿ ತಾನಾಗಿಯೇ ಒಪ್ಪಿಕೊಂಡ ಹಾಗಾಯಿತು. ಹೆಬ್ಬೆಟ್ಟೂ ಬಿತ್ತು. ಅಲ್ಲಾ ಸ್ವಾಮಿ, ಒಂದು ಗಾಡಿ, ಮೂರು ಎತ್ತು! ಮೂರು ಎತ್ತು ಎಳೆಯುವ ಗಾಡಿ ಎಲ್ಲಿದೆ ಅಂತ ಒಬ್ಬರಿಗಾದರೂ ಅನುಮಾನ ಬರಬಾರದೆ? ಎಣಿಸುವುದಕ್ಕೂ ಸರ್ಕ್ಯುಲರ್ ಬೇಕೆ?

ಎತ್ತು ಇನ್ನು ಮುದ್ದೆಮಾಲು ಅಂದರಂತೆ. ಹಾಗಂದರೆ ಕೇಸಿನ ಸಾಕ್ಷಿಗೆಂದು ಪೊಲೀಸರು ವಶಪಡಿಸಿಕೊಂಡ ಮಾಲು. ಕರಿಗೌಡನಿಗೆ ಅದೇನು ಗೊತ್ತು? ನಮ್ಮ ಮನೆಗೆ ಬಂದವನು ಸ್ವಲ್ಪ ಸಮಾಧಾನದಲ್ಲೇ ಇದ್ದ. "ದೊಡ್ಡೀಲಿ ಮುದ್ದೆ ಆಕ್ತಾರಂತೆ ಸಾಮಿ. ನಮ್ಮಟ್ಟೀಲಿ ಬರೀ ಉಲ್ಲು ತಿನ್ಕಂಡಿತ್ತು. ನಾಕ್ ದಿನ ತಿನ್ಲಿ ಬುಡಿ."

ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಮಾರನೆಯ ದಿನ ಇಬ್ಬರೂ ದೊಡ್ಡಿಗೆ ಹೋದೆವು. ಮುದ್ದೆ ಹಾಳಾಗಲಿ, ಕುಡಿಯಲು ಬಾನಿಯಲ್ಲಿ ನೀರಿಲ್ಲ, ಮೇಲೆ ಸೂರಿಲ್ಲ. ಕೆಂದ ಬಿಸಿಲಲ್ಲಿ ತಲೆ ತಗ್ಗಿಸಿ ನಿಂತಿತ್ತು. ಹೆಗಲ ತುಂಬ ನೊಣ. ಯಜಮಾನನ ದನಿ ಕೇಳಿ ಬೇಲಿಯ ಹತ್ತಿರ ಬಂತು. ಅವನು ಸಂದಿಯಲ್ಲಿ ಕೈ ತೂರಿಸಿ ನೊಣ ಓಡಿಸಲು ಹೋದರೆ ದೊಡ್ಡಿ ಕಾಯುವವನು ಗದರಿದ: "ಏಯ್, ಗಾಯ ಮುಟ್‌ಬ್ಯಾಡ ಕಣ್ಲಾ! ಅದು ಸಾಕ್ಸಿ!"

ಡಾಕ್ಟರ ಬಳಿ ಓಡಿದೆ. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. "ಮೇಷ್ಟ್ರೇ, ಔಷಧಿ ಇದೆ, ಅರ್ಧ ಗಂಟೆ ಕೆಲಸ. ಆದರೆ ಗಾಯ ವಾಸಿಯಾದರೆ ಸಾಕ್ಷಿ ನಾಶ ಮಾಡಿದೆ ಅಂತ ನನ್ನ ತಲೆಗೆ ಬರುತ್ತೆ. ಪೊಲೀಸಿನವರು ಬರೆದುಕೊಡಲಿ, ಈಗಲೇ ಬರ್ತೀನಿ," ಅಂದರು. ಪೊಲೀಸಿನವರು ಕೋರ್ಟು ಹೇಳಬೇಕು ಅಂದರು. ಕೋರ್ಟಿನಲ್ಲಿ ಸಾಹೇಬರು ರಜ. ನಾನು ಕೈಯಾರೆ ಬರೆದ ಅರ್ಜಿಯನ್ನು ಗುಮಾಸ್ತ ಎರಡು ಸಲ ಓದಿ ಹಿಂದಕ್ಕೆ ಕೊಟ್ಟ. ಅರ್ಜಿದಾರ ಎತ್ತಿನ ಮಾಲೀಕನಲ್ಲವಂತೆ. ಕರಿಗೌಡನ ಹೆಬ್ಬೆಟ್ಟು ಹಾಕಿಸಿ ತಂದರೆ, ಮಾಲೀಕ ಆರೋಪಿಯಾದ್ದರಿಂದ ಅವನ ಮಾತು ನಡೆಯುವುದಿಲ್ಲವಂತೆ! ಹಾಗಾದರೆ ಅರ್ಜಿಯನ್ನು ಎತ್ತೇ ಹಾಕಬೇಕೆ?

ಕಾನೂನು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಪ್ರಾಣಿಹಿಂಸೆ ತಡೆಯುವ ಕಾಯಿದೆ ದೆಹಲಿಯಲ್ಲಿ ಪಾಸಾದಾಗ ಕ್ಲಾಸಿನಲ್ಲಿ ಮಕ್ಕಳಿಗೆ ಅದನ್ನು ಹೆಮ್ಮೆಯಿಂದ ವಿವರಿಸಿದವನು ನಾನು. ಹುಣ್ಣಿನ ಮೇಲೆ ನೊಗ ಇಡುವವರು, ಬಾಲ ಮುರಿಯುವವರು, ಕೋಲಿನ ತುದಿಗೆ ಮೊಳೆ ಹೊಡೆದುಕೊಂಡು ತಿವಿಯುವವರು ಬೇಕಾದಷ್ಟು ಜನ ಇದ್ದಾರೆ. ದಿನಾ ಸ್ಟೇಷನ್ ಮುಂದೆಯೇ ಗಾಡಿ ಹೊಡೆಯುತ್ತಾರೆ. (ಆ ಗಾಡಿಯ ಸೌದೆ ಯಾರ ಮನೆಗೆ ಹೋಗುತ್ತದೆ ಅಂತ ನನ್ನನ್ನು ಕೇಳಬೇಡಿ.) ಅವರನ್ನು ಯಾರೂ ಹಿಡಿಯಲಿಲ್ಲ. ಸಿಕ್ಕಿಬಿದ್ದವನು ಎತ್ತನ್ನು ಆಸ್ಪತ್ರೆಗೆ ಕರೆತಂದವನು.

ಒಂಬತ್ತನೆಯ ದಿನ ಮ್ಯಾಜಿಸ್ಟ್ರೇಟರು ಬಂದರು. ಕೆಂದನನ್ನು ಕೋರ್ಟಿನ ಅಂಗಳಕ್ಕೆ ತಂದು ನಿಲ್ಲಿಸಿದರು. ಸಾಹೇಬರು ಕರ್ಚೀಫು ಮೂಗಿಗೆ ಹಿಡಿದು ಗಾಯ ನೋಡಿ ಕರಿಗೌಡನನ್ನು ಕೇಳಿದರು: "ಗಾಡಿಗೆ ಮುಂದೆ ಕಟ್ಟಿದ್ದೆಯೋ, ಹಿಂದೆ ಕಟ್ಟಿದ್ದೆಯೋ?"

"ಇಂದೆ ಕಣ್ ಬುದ್ದಿ. ಉಣ್ಣಾಗಿರೋ ಎತ್ತ ಯಾರಾರ ಮುಂದೆ ಕಟ್ಟಾರಾ?"

ಕೇಸು ವಜಾ. ಒಂದೇ ಪ್ರಶ್ನೆ. ಅದನ್ನು ಕೇಳಲು ಒಂಬತ್ತು ದಿನ ಬೇಕಾಯಿತು.

ಡಾಕ್ಟರು ಅವತ್ತೇ ಬಂದು ಗಾಯ ತೊಳೆದರು. ಬಹಳ ಹೊತ್ತು ತೊಳೆದರು. "ಜೀವಕ್ಕೆ ಭಯ ಇಲ್ಲ. ಆದರೆ ಹುಳ ಆಳಕ್ಕೆ ಇಳಿದಿದೆ. ಈ ಹೆಗಲು ಇನ್ನು ನೊಗ ಹೊರಲ್ಲ," ಅಂದರು. ಮಾಗಿ ಉಳುಮೆ ಶುರುವಾಗುವ ಹೊತ್ತು. ಕರಿಗೌಡನಿಗೆ ಇರುವುದೇ ಒಂದು ಜೊತೆ. ಪಕ್ಕದ ಮನೆಯವನು ಒಂದು ದಿನಕ್ಕೆ ಎತ್ತು ಕೊಟ್ಟಾನು, ದಿನಾ ಕೊಡುತ್ತಾನೆಯೆ? ನನಗೆ ಅವನ ಮುಖ ನೋಡಲು ಆಗಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಪೊಲೀಸಿನವರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ಎತ್ತನ್ನು ಬಿಡಿಸಿಕೊಳ್ಳಲು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಿತ್ತು. ಓದಿ ಹೇಳಿ ಸಾಮಿ ಅಂದ. "ಸದರಿ ಎತ್ತನ್ನು ಸುಸ್ಥಿತಿಯಲ್ಲಿ ಪಡೆದಿರುತ್ತೇನೆ," ಅಂತ ಓದಿದೆ. ಅವನು ಒತ್ತಿದ.

ಮೊನ್ನೆ ಅವರೆಕಾಯಿ ತಂದಿದ್ದ. ಹಸುವಿನ ಕೆಚ್ಚಲು ಬಾತು ಕಲ್ಲಾಗಿದೆ, ಕರುವನ್ನು ಹತ್ತಿರ ಸೇರಿಸುತ್ತಿಲ್ಲ ಅಂದ. ಹಾಳು ಅಭ್ಯಾಸ ನೋಡಿ, ನನ್ನ ಬಾಯಿ ಸುಮ್ಮನಿರಲಿಲ್ಲ. "ಆಸ್ಪತ್ರೆಗೆ ಕರಕೊಂಡು ಹೋಗಿ ತೋರಿಸಬಾರದೇನಯ್ಯ?" ಅಂದೆ.

ಕರಿಗೌಡ ಬುಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ.

"ಯಾಕ್ ಸಾಮಿ? ಅದೇನ್ ತಪ್ಪು ಮಾಡ್ತು?"