ದೊಡ್ಡಮ್ಮನ ಪೂಜೆ: ಒಂದು ತಿದ್ದುಪಡಿ

ಹೋದ ತಿಂಗಳು ಒಂದು ಬೆಳಿಗ್ಗೆ, ಬಳೇಪೇಟೆಯ ಮನೆಯಲ್ಲಿ, ನಮ್ಮ ದೊಡ್ಡಮ್ಮ ಪೂಜೆಗೆ ಕೂತಲ್ಲೇ ಪಕ್ಕಕ್ಕೆ ಉರುಳಿದರು. ಮಣೆಯ ಅಂಚು ತಗುಲಿ ಹುಬ್ಬು ಒಡೆಯಿತು. ಎಡ ಅಂಗೈಯಲ್ಲಿದ್ದ ಲಿಂಗ ನೆಲಕ್ಕೆ ಬಿತ್ತು.

ಎಚ್ಚರವಾದಾಗ ಅವರು ಮೊದಲು ಮುಟ್ಟಿ ನೋಡಿಕೊಂಡದ್ದು ಹುಬ್ಬನ್ನಲ್ಲ, ಅಂಗೈಯನ್ನು.

ಸುದ್ದಿ ತಿಳಿದು ನಾನು ಶಂಕರಪುರದಿಂದ ಓಡಿದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು. "ತಲೆ ಒಡೆದ್ರೆ ಒಡೀಲಿ ಬಿಡು ಮಗ. ಲಿಂಗ ಕೈಯಿಂದ ಜಾರ್ತಲ್ಲೋ! ನಾನೇನು ತಪ್ಪು ಮಾಡ್ದೆ?" ಎಂದರು.

ಈ ದೊಡ್ಡಮ್ಮ ನಿಮಗೆ ಹೊಸಬರಲ್ಲ. ಎರಡು ವರ್ಷದ ಹಿಂದೆ ಇದೇ ಕಾಲಂನಲ್ಲಿ ಅವರ ಪೂಜೆಯ ಬಗ್ಗೆ ಬರೆದಿದ್ದೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯ ಲಿಂಗದ ಮೇಲೆ ದೃಷ್ಟಿ ನೆಟ್ಟು ಕೂತರೆ ಒಮ್ಮೊಮ್ಮೆ ಲೋಕವನ್ನೇ ಮರೆಯುತ್ತಾರೆ, ಕರೆದರೆ ಓಗೊಡುವುದಿಲ್ಲ, ತಲೆ ಮೆಲ್ಲಗೆ ಗೋಡೆಗೆ ಒರಗುತ್ತದೆ, ಮುಖದಲ್ಲಿ ಅಪಾರ ಶಾಂತಿ. ಹೀಗೆಲ್ಲ ಬರೆದಿದ್ದೆ. (ಬರೆದು ಹೆಮ್ಮೆಪಟ್ಟಿದ್ದೆ ಕೂಡ.) ಓದುಗರಿಂದ ಕಾಗದಗಳು ಬಂದವು. ಬೀದಿಯ ಹೆಂಗಸರು ಹಬ್ಬದ ದಿನ ಬಂದು ದೊಡ್ಡಮ್ಮನ ಕಾಲಿಗೆ ಬೀಳತೊಡಗಿದರು.

ಈಗ ಬಿದ್ದವರು ದೊಡ್ಡಮ್ಮನೇ. ಯಾಕೆ?

ಮನೆಯಲ್ಲಿ ಉತ್ತರಕ್ಕೆ ಕೊರತೆಯಿರಲಿಲ್ಲ. ಪಿತ್ತ ಎಂದರು. ಸೋಮವಾರದ ಒಪ್ಪತ್ತೂಟ ಎಂದರು. ದೊಡ್ಡಮ್ಮನ ಮಗ, ಕೆಳಗೆ ಬಳೆ ಅಂಗಡಿ ನಡೆಸುವ ಶಿವರುದ್ರಣ್ಣ, "ಯಾರದೋ ಕಣ್ಣು ಬಿದ್ದಿದೆ. ನೀನು ಪೇಪರ್‌ನಲ್ಲಿ ಹಾಕ್ದೆ ನೋಡು, ಅವತ್ತಿಂದ್ಲೇ" ಎಂದು ನನ್ನ ಕಡೆ ತಿರುಗಿದ. ನಾನು ದೊಡ್ಡಮ್ಮನನ್ನು ಹೃದಯದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ.

ಅಲ್ಲಿ ಒಂದು ಯಂತ್ರವಿದೆ. ಕೈಕಾಲಿಗೆ ಲೋಹದ ಪಟ್ಟಿ ಕಟ್ಟಿ ವೈರ್ ಸಿಕ್ಕಿಸುತ್ತಾರೆ. ಎದೆಯ ಒಂದೊಂದು ಬಡಿತವೂ ಉದ್ದನೆಯ ಕಾಗದದ ಮೇಲೆ ಏರಿಳಿಯುವ ಗೆರೆಯಾಗಿ ಮೂಡುತ್ತದೆ. ದೊಡ್ಡಮ್ಮ ಮಲಗಿದರು. ಯಂತ್ರ ಓಡಿತು. ಡಾಕ್ಟರು ಕಾಗದ ನೋಡಿ "ನಾರ್ಮಲ್" ಎಂದರು.

"ಹಾಗಾದ್ರೆ ಏನೂ ಇಲ್ಲ ತಾನೆ?" ಎಂದೆ.

"ನಿಮ್ಮ ಕಸುಬಿನ ಮಾತಲ್ಲೇ ಹೇಳ್ತೀನಿ. ಗಲಾಟೆ ಆದ ಬೀದಿಗೆ ಮಾರನೇ ದಿನ ಹೋಗಿ, ಬೀದಿ ಶಾಂತವಾಗಿದೆ ಅಂತ ಬರೆದ್ರೆ ಅದು ವರದೀನಾ? ಯಂತ್ರ ಇವರನ್ನ ನೋಡಿದ್ದು ಎರಡು ನಿಮಿಷ. ಇವರು ಬೀಳೋ ಹೊತ್ತಲ್ಲಿ ನೋಡ್ಬೇಕು. ಯಾವ ಹೊತ್ತಲ್ಲಿ ಬೀಳ್ತಾರೆ?"

"ಪೂಜೆ ಹೊತ್ತಲ್ಲಿ" ಎಂದೆ. ಹಾಗೆ ಹೇಳಿದ ಮೇಲೆ, ಹೇಳಿದ್ದೇನೆಂದು ನನಗೇ ಕೇಳಿಸಿತು.

"ಆಗ ಯಾರಾದ್ರೂ ನಾಡಿ ಹಿಡಿದು ನೋಡಿದೀರಾ?"

ಎಂಥ ಪ್ರಶ್ನೆ! ಲಿಂಗ ಹಿಡಿದು ಕೂತವರನ್ನು ನಮ್ಮ ಮನೆಗಳಲ್ಲಿ ಯಾರು ಮುಟ್ಟುತ್ತಾರೆ? ನಾವು ಬಾಗಿಲಾಚೆ ನಿಂತು ಕೈ ಮುಗಿದಿದ್ದೆವು, ಅಷ್ಟೆ.

ಯಂತ್ರವನ್ನು ಮನೆಗೇ ತರಬೇಕಾಯಿತು. ದೊಡ್ಡ ಪೆಟ್ಟಿಗೆಯಷ್ಟು ಭಾರ. ಶಿವರುದ್ರಣ್ಣ ಮೆಟ್ಟಿಲಿಗೆ ಅಡ್ಡ ನಿಂತ. "ಪೂಜೆಗೆ ಕೂತವರಿಗೆ ಕರೆಂಟ್ ವೈರ್ ಕಟ್ಟೋದಾ? ಬೀದಿಯವ್ರು ಏನಂದ್ಕೋತಾರೆ?"

ಒಳಗಿನಿಂದ ದೊಡ್ಡಮ್ಮನ ದನಿ ಬಂತು. "ಬೀದಿಯವ್ರು ಬಂದು ನನ್ ಲಿಂಗ ಎತ್ಕೊಟ್ರಾ? ಸುಮ್ನೆ ದಾರಿ ಬಿಡೋ."

ಡಾಕ್ಟರು ಕೈಕಾಲು ತೊಳೆದು ಒಳಗೆ ಬಂದರು. ಅಭಿಷೇಕ ಮುಗಿಯುವವರೆಗೂ ಕಾದರು. ದೊಡ್ಡಮ್ಮ ಕೈ ಒರೆಸಿಕೊಂಡ ಮೇಲೆ ಪಟ್ಟಿ ಕಟ್ಟಬೇಕು. ಲಿಂಗ ಹಿಡಿಯುವ ಎಡಗೈಗೆ ಬಂದಾಗ ಡಾಕ್ಟರೇ ಅನುಮಾನಿಸಿದರು.

"ಕಟ್ಟಿ ಡಾಕ್ಟ್ರೇ. ನನ್ ಶಿವನಿಗೂ ಗೊತ್ತಾಗ್ಲಿ, ಒಳಗೆ ಏನಾಗ್ತಿದೆ ಅಂತ" ಎಂದರು ದೊಡ್ಡಮ್ಮ.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಇಲ್ಲ. ಯಾರಾದರೂ ಬೀಳಲಿ ಎಂದು ಕಾಯುತ್ತ ಕೂರುವುದು ವಿಚಿತ್ರವಾದ ಕೆಲಸ. ಮೂರನೆಯ ದಿನ ಶಿವರುದ್ರಣ್ಣನೂ ಮೆತ್ತಗಾಗಿದ್ದ. ತಾನೂ ಸ್ನಾನ ಮಾಡಿ ಬಂದು ತಾಯಿಯ ಪಕ್ಕದಲ್ಲಿ ಕೂತ. ಅವರ ಅಂಗೈ ಕೆಳಗೆ ತನ್ನ ಎರಡೂ ಅಂಗೈ ಒಡ್ಡಿಕೊಂಡ.

ಪೂಜಾಮನೆ ನಿಶ್ಶಬ್ದವಾಗಿತ್ತು. ಯಂತ್ರದ ಮುಳ್ಳು ಟಿಕ್ ಟಿಕ್ ಎಂದು ಏರುತ್ತಿತ್ತು, ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಏರುವುದನ್ನು ನಿಲ್ಲಿಸಿತು.

ಕಾಗದ ಓಡುತ್ತಲೇ ಇತ್ತು. ಗೆರೆ ಮಾತ್ರ ನೇರ. ಡಾಕ್ಟರು ಬಲಗೈ ನಾಡಿ ಹಿಡಿದು ಸೆಕೆಂಡು ಎಣಿಸತೊಡಗಿದರು. ಮೂರು. ನಾಲ್ಕು. ದೊಡ್ಡಮ್ಮನ ತಲೆ ಮೆಲ್ಲಗೆ ಗೋಡೆಗೆ ಒರಗಿತು. ಐದು. ಆರು. ಮುಖದಲ್ಲಿ ನಾನು ಹಿಂದೆ ಬರೆದಿದ್ದ ಅದೇ ಶಾಂತಿ. ಏಳು.

ಮುಳ್ಳು ಮತ್ತೆ ಎಗರಿತು. ದೊಡ್ಡಮ್ಮ ಕಣ್ಣು ಬಿಟ್ಟರು. ಅಂಗೈ ಬಗ್ಗಿತ್ತು, ಲಿಂಗ ಮಗನ ಕೈಯಲ್ಲಿತ್ತು.

ಹೃದಯದ ಮೇಲಿನ ಭಾಗದಿಂದ ಕೆಳಗಿನ ಭಾಗಕ್ಕೆ "ಬಡಿ" ಎಂದು ಹೋಗಬೇಕಾದ ಅಪ್ಪಣೆ ನಡುದಾರಿಯಲ್ಲಿ ಒಮ್ಮೊಮ್ಮೆ ತಡೆದು ನಿಲ್ಲುತ್ತದೆ. ಆಗ ಬಡಿತವಿಲ್ಲ, ತಲೆಗೆ ರಕ್ತವಿಲ್ಲ, ಎಚ್ಚರವೂ ಇಲ್ಲ. ಡಾಕ್ಟರು ಹೀಗೆ ವಿವರಿಸಿದರು. ನಾಲಿಗೆಯ ಕೆಳಗಿಡುವ ಮಾತ್ರೆ ಬರೆದುಕೊಟ್ಟರು. ಒಲೆಯ ಮುಂದೆ, ಮೆಟ್ಟಿಲಲ್ಲಿ ಒಬ್ಬರೇ ಇರಕೂಡದು ಎಂದರು. ಪೂರ್ತಿ ವಾಸಿಯಾಗುತ್ತದೆ ಎಂದು ಮಾತ್ರ ಹೇಳಲಿಲ್ಲ.

ದೊಡ್ಡಮ್ಮ ಆ ಕಾಗದವನ್ನು ಕೈಗೆ ತೆಗೆದುಕೊಂಡರು. ನೇರ ಗೆರೆಯ ಮೇಲೆ ಬೆರಳಾಡಿಸಿದರು.

"ಅವತ್ತು ಜಾರಿದ್ದೂ ಇದರಿಂದ್ಲೇನಾ?"

"ಇದರಿಂದ್ಲೇ, ತಾಯಿ."

"ಹಾಗಾದ್ರೆ ನನ್ ಭಕ್ತಿ ಕಮ್ಮಿಯಾಗಿ ಅಲ್ಲ."

"ಅಲ್ಲವೇ ಅಲ್ಲ."

ಹುಬ್ಬು ಒಡೆದಾಗಲೂ ಅಳದವರು ಆಗ ಅತ್ತರು.

ಡಾಕ್ಟರು ಹೋದ ಮೇಲೆ ನಾನು ಕೇಳಿದೆ. "ದೊಡ್ಡಮ್ಮ, ಹಿಂದೆಲ್ಲ ಹಾಗೆ ಒರಗಿದಾಗ ಏನು ಕಾಣಿಸ್ತಿತ್ತು?"

"ಏನು ಕಾಣ್ಸುತ್ತೋ? ಕತ್ತಲೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೆಲ್ಲ ಕೈ ಮುಗಿದು ನಿಂತಿದ್ರಿ. ನೀನು ಬೇರೆ ಅಚ್ಚು ಹಾಕ್ಸಿಬಿಟ್ಟೆ. ಹೆಂಗಸ್ರು ಬಂದು ಕಾಲಿಗೆ ಬೀಳ್ತಿದ್ರು. ಆಮೇಲೆ ಹೇಗಪ್ಪ ಹೇಳೋದು, ಅದು ಕತ್ತಲೆ ಕಣ್ರೋ ಅಂತ?"

ಕಚೇರಿಯಲ್ಲಿ ಹೊಸ ರಿಪೋರ್ಟರುಗಳಿಗೆ ನಾನು ಕಲಿಸುವ ಮೊದಲ ಪಾಠ ಒಂದಿದೆ: ಘಟನೆ ಯಾರಿಗೆ ನಡೆಯಿತೋ ಅವರನ್ನು ಮೊದಲು ಕೇಳು. ಆ ಲೇಖನ ಬರೆದಾಗಿನ ನನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಶಿವರುದ್ರಣ್ಣನ ಮಾತಿದೆ. ಎದುರು ಅಂಗಡಿಯವರ ಮಾತಿದೆ. ಪಕ್ಕದ ಮನೆಯ ಅಜ್ಜಿಯ ಮಾತೂ ಇದೆ.

ಆದ್ದರಿಂದ ಈ ತಿದ್ದುಪಡಿ. ಎರಡು ವರ್ಷದ ಹಿಂದೆ ಇಲ್ಲಿ "ಲೋಕವನ್ನೇ ಮರೆಯುತ್ತಾರೆ" ಎಂದು ಅಚ್ಚಾದ ಕಡೆ "ಪ್ರಜ್ಞೆ ತಪ್ಪುತ್ತದೆ" ಎಂದು ಓದಿಕೊಳ್ಳಬೇಕು. ಅವರ ಭಕ್ತಿಯ ವಿಷಯದಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಇಡೀ ಬೀದಿಯನ್ನು ಕೇಳಿ ಬಂದವನು, ಪೂಜೆಗೆ ಕೂತವರನ್ನು ಒಂದು ಮಾತು ಕೇಳಬಾರದಿತ್ತೆ?