ಸಾಣೆ ಸಾಬರು ಮತ್ತು ತಾತನ ಬಾಕು

ಬೆಳಿಗ್ಗೆ ಬೀದಿಯಲ್ಲಿ ಯಾರೋ ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದರು. ಕಾದ ಕಬ್ಬಿಣದ ವಾಸನೆ ಅಡುಗೆಮನೆಯವರೆಗೂ ಬಂತು. ಇವತ್ತಿಗೂ ಆ ವಾಸನೆಗೆ ನನ್ನ ಮೈ ಉರಿಯುತ್ತದೆ. ಶಿರಾದ ಸಾಣೆ ಸಾಬರು ನೆನಪಾಗುತ್ತಾರೆ...

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನನ್ನು ಶಿರಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ತವರು ಹುಲಿಕುಂಟೆಯ ಕಡೆ. ಅಲ್ಲಿ ಬದುವಿನ ಜಗಳದಲ್ಲಿ ದಾಯಾದಿಯೊಬ್ಬ ನನ್ನ ತಮ್ಮನನ್ನು ತಿವಿದು ಕೊಂದ. ಕಣ್ಣಾರೆ ಕಂಡವರೇ ಕೋರ್ಟಿನಲ್ಲಿ ಕಾಣಲಿಲ್ಲ ಎಂದರು. ಅವನು ಮೀಸೆ ತಿರುವುತ್ತ ಊರಿಗೆ ಬಂದ. ಅಪ್ಪ ಹಾಸಿಗೆ ಹಿಡಿದರು. ಗಂಡಸರ ಕೈಲಾಗದ್ದನ್ನು ನಾನೇ ಮಾಡುತ್ತೇನೆಂದು ತವರಿನ ಅಟ್ಟದಿಂದ ತಾತನ ಬಾಕು ತಂದಿಟ್ಟುಕೊಂಡೆ.

ಸಾಬರು ಆಗಾಗ ನಮ್ಮ ಬೀದಿಗೆ ಬರುತ್ತಿದ್ದರು. ಏನು ಕುಯ್ಯುವುದಕ್ಕೆ ಎಂದು ಕೇಳದೆ ಯಾವುದನ್ನೂ ಕಲ್ಲಿಗೆ ಹಿಡಿಯುತ್ತಿರಲಿಲ್ಲ. ಸೊಪ್ಪಿಗೆ ಒಂದು ಹದ, ಮಾಂಸಕ್ಕೆ ಒಂದು ಹದ. ಈಳಿಗೆಮಣೆಯ ಜೊತೆ ಬಾಕನ್ನೂ ಕೊಟ್ಟೆ.

"ಇದೇನ್ ಕುಯ್ಯಕ್ಕಮ್ಮ?"

"ಕುಂಬಳಕಾಯಿಗೆ ಸಾಬ್ರೇ."

"ನಮ್ ಮಾತ್ನಾಗೆ ಬಾಂಕ್ ಅಂದ್ರೆ ಬಾಗಿದ್ದು. ಅದೇ ನಿಮ್ ಬಾಯಾಗೆ ಬಾಕು ಆಯ್ತು. ಪಕ್ಕೆಲುಬಿನ ಸಂದಿಗೆ ಹೋಗ್ಲಿ ಅಂತ ಬಾಗಿಸ್ತಾರೆ ಕಣಮ್ಮ. ಕುಂಬಳಕಾಯಿಗೆ ಪಕ್ಕೆಲುಬು ಎಲ್ಲೈತೆ?"

ಅವರು ಮತ್ತೆ ಕೇಳದೆ ಚಕ್ರ ತುಳಿದರು. ಕಿಡಿ ಹಾರುವುದನ್ನು ನೋಡಿ ಹೊಟ್ಟೆ ತಣ್ಣಗಾಯಿತು. ಬಟ್ಟೆ ಸುತ್ತಿ, ದಾರ ಬಿಗಿದು, ಕೈ ಕುಯ್ದೀತು ಬಿಚ್ಚಬೇಡ ಎಂದು ಕೊಟ್ಟರು. ನಂಬಿದೆ.

ಸಂತೆಯ ಗದ್ದಲದಲ್ಲಿ ದಾಯಾದಿ ಸಿಕ್ಕ. ಸೆರಗಿನ ಮರೆಯಲ್ಲಿ ಬಾಕಿಗೆ ಸುತ್ತಿದ್ದ ಬಟ್ಟೆ ಕಿತ್ತೆಸೆದು, ಇದ್ದ ಬಲವನ್ನೆಲ್ಲ ಹಾಕಿ ಹಿಂದಿನಿಂದ ಪಕ್ಕೆಗೆ ತಿವಿದೆ. ಬಾಕು ಅವನು ಹೊದ್ದ ಕಂಬಳಿಯನ್ನೂ ದಾಟಲಿಲ್ಲ. ಸಾಬರು ಅಲಗು, ಮೊನೆ ಎರಡನ್ನೂ ಉಜ್ಜಿ ಮೊಂಡು ಮಾಡಿದ್ದರು.

"ಏನಮ್ಮಿ, ಕಚಗುಳಿ ಇಕ್ತೀಯಾ?" ಎಂದ ಅವನು. ಸಂತೆಗೆ ಸಂತೆಯೇ ನಕ್ಕಿತು.

ನೇರ ಸಾಬರ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡರು.

"ನಿನ್ ತಮ್ಮುನ್ನ ತಿವಿದ್ ಚೂರಿಗೂ ನಾನೇ ಸಾಣೆ ಹಿಡ್ದಿದ್ದು. ಕುರಿ ಕುಯ್ಯಕ್ಕೆ ಅಂದ, ನಂಬ್ಬುಟ್ಟೆ. ಇನ್ನೊಂದ್ಸಲ ಅಂಗಾಗೋದು ಬ್ಯಾಡ ಕಣಮ್ಮ."

"ಅವುಂದು ಹರಿತ ಮಾಡಿ ನಂದು ಮೊಂಡು ಮಾಡುದ್ರಾ? ಇದ್ಯಾವ ನ್ಯಾಯ ಸಾಬ್ರೇ?"

ಅವರು ಅಳುತ್ತಿದ್ದರು... ಆಮೇಲೆ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟರು.

ದಾಯಾದಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಹಣ್ಣು ಮುದುಕನಾಗಿ, ನಿದ್ದೆಯಲ್ಲೇ ಸತ್ತ. ಸಾಬರು ಅವನಿಗಿಂತ ಮೊದಲೇ ಹೋದರು. ಅವರಿಂದಾಗಿ ನೀನು ಜೈಲಿಗೆ ಹೋಗಲಿಲ್ಲ, ಮಕ್ಕಳು ತಬ್ಬಲಿಯಾಗಲಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಅವರು ಹೋದ ಸುದ್ದಿ ಬಂದಾಗ ನಾನೂ ಅತ್ತೆ. ಆದರೆ ಕ್ಷಮಿಸಿಲ್ಲ.