ಕತ್ತರಿಸಿಟ್ಟ ನೋಟಗಳು

ಅತ್ತೆಯ ಅಡುಗೆಯನ್ನು ವಿಡಿಯೋ ಮಾಡಿಡೋಣ ಎಂದು ಮೊದಲು ಹೇಳಿದವಳು ನಾನೇ. ಅವರು ದಾವಣಗೆರೆ ಕಡೆಯವರು. ಮಹಾಲಕ್ಷ್ಮಿ ಲೇಔಟ್‌ಗೆ ಬಂದು ನಲವತ್ತು ವರ್ಷವಾದರೂ ಅವರ ಎಣ್ಣೆಗಾಯಿ, ಹೋಳಿಗೆ ಸಾರು, ಅಗಸೆ ಚಟ್ನಿಪುಡಿ ಊರಿನ ರುಚಿ ಬಿಟ್ಟಿರಲಿಲ್ಲ. ನನಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ. ಇವುಗಳಲ್ಲಿ ಒಂದನ್ನೂ ಅವರು ಪೂರ್ತಿಯಾಗಿ ನನ್ನ ಕೈಗೆ ಕೊಟ್ಟವರಲ್ಲ. 'ನೀನು ಆಫೀಸಿಗೆ ಹೊರಡು, ನಾನು ನೋಡ್ಕೋತೀನಿ' ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ಆ ಪ್ರೀತಿಯ ಮೇಲೆ ನನಗೆ ಒಂದಿಷ್ಟು ಅನುಮಾನ ಮೊದಲಿನಿಂದಲೂ ಇತ್ತು.

ರಾಜಾಜಿನಗರದ ಒಂದು ಸಹಕಾರ ಸಂಘದಲ್ಲಿ ನಾನು ಗುಮಾಸ್ತೆ. ಅಲ್ಲಿ ನನ್ನ ಪಕ್ಕದ ಮೇಜಿನವರು ರಜೆ ದಿನಗಳಲ್ಲಿ ಮದುವೆ ವಿಡಿಯೋ ತೆಗೆಯುತ್ತಾರೆ. ಹೇಗೆ ಶುರುಮಾಡಲಿ ಎಂದು ಅವರನ್ನು ಕೇಳಿದೆ.

"ಮೇಡಂ, ಕ್ಯಾಮೆರಾ ಮುಟ್ಟೋಕೆ ಮುಂಚೆ ಪೇಪರ್ ತಗೊಳ್ಳಿ" ಎಂದರು. "ಮಧ್ಯ ಒಂದು ಗೆರೆ ಹಾಕಿ. ಎಡಗಡೆ ಏನು ಕಾಣಬೇಕು, ಬಲಗಡೆ ಏನು ಕೇಳಬೇಕು. ಅದಿಲ್ದೆ ತೆಗೆದ್ರೆ ಆಮೇಲೆ ನೀವೇ ಕಳೆದುಹೋಗ್ತೀರ."

ಅವರು ಹೇಳಿದ ಹಾಗೆಯೇ ಮಾಡಿದೆ. ಆರು ಅಡುಗೆ, ಆರು ಭಾನುವಾರ. ನನ್ನ ಗಂಡನ ಫೋನು ಸ್ಟ್ಯಾಂಡಿನ ಮೇಲೆ ನಿಂತು ಇಡೀ ಅಡುಗೆಮನೆಯನ್ನು ನೋಡುತ್ತಿರಬೇಕು, ಕೊನೆಯವರೆಗೂ ಅದನ್ನು ಯಾರೂ ಅಲುಗಿಸಬಾರದು. ನನ್ನ ಫೋನು ನನ್ನ ಕೈಯಲ್ಲಿ. ಕೈ, ಬಾಣಲೆ, ಒಗ್ಗರಣೆಗಳನ್ನು ಹತ್ತಿರದಿಂದ ತೆಗೆಯುವುದಕ್ಕೆ. ಪ್ರತಿ ಸಲವೂ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕೈ ಕದಲಿಸಬಾರದು. ಮನೆಯಲ್ಲಿ ಬಿದ್ದಿದ್ದ ಹಳೆಯ ಫೋನಿಗೆ ಪುಟ್ಟ ಮೈಕು ಜೋಡಿಸಿ ಅತ್ತೆಯ ಸೆರಗಿಗೆ ಸಿಕ್ಕಿಸಿದೆ. ಶುರುವಿನಲ್ಲಿ ಒಂದು ಚಪ್ಪಾಳೆ. ಆಮೇಲೆ ಚಿತ್ರವನ್ನೂ ಧ್ವನಿಯನ್ನೂ ಕೂಡಿಸುವುದು ಆ ಚಪ್ಪಾಳೆಯ ಗುರುತಿನಿಂದ. ರಸ್ತೆಯ ಗದ್ದಲ ಒಳಗೆ ಬರದಿರಲೆಂದು ಕಿಟಕಿ ಮುಚ್ಚಿದೆ, ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿದೆ.

ಮೊದಲ ಭಾನುವಾರ ಅಗಸೆ ಚಟ್ನಿಪುಡಿ. ಅತ್ತೆ ಮತ್ತು ನಾನು ಇಬ್ಬರೇ. ಅವರು ಹುರಿದರು, ನಾನು ತೆಗೆದೆ, ನಡುನಡುವೆ 'ಇನ್ನೊಂದ್ಸಲ ಮೊದಲಿಂದ ಮಾಡಿ ಅತ್ತೆ' ಎನ್ನುತ್ತಿದ್ದೆ. ಮರುದಿನ ವಿಡಿಯೋ ನೋಡಿಕೊಂಡು ಅದೇ ಅಳತೆಯಲ್ಲಿ, ಅಷ್ಟೇ ಹೊತ್ತು ಹುರಿದು ನಾನೂ ಪುಡಿ ಮಾಡಿದೆ. ಹಸಿಹಸಿಯಾಗಿತ್ತು. ಅವರು ಅಂದು ಮಾಡಿಟ್ಟದ್ದನ್ನು ಬಾಯಿಗೆ ಹಾಕಿಕೊಂಡೆ. ಅದೂ ಹಾಗೆಯೇ ಇತ್ತು. ಇಪ್ಪತ್ತೆರಡು ವರ್ಷ ತಿಂದ ರುಚಿ ಅದಲ್ಲ. ಕ್ಯಾಮೆರಾ ಎದುರಿಗೆ ಬೇಕೆಂದೇ ಕೆಡಿಸಿದರೇ ಎಂಬ ಪ್ರಶ್ನೆ ಅಂದು ನನ್ನ ತಲೆಗೆ ಹೊಕ್ಕಿತು.

ಎರಡನೆಯ ಭಾನುವಾರ, ನಾನು ಕರೆಯದಿದ್ದರೂ, ಮಾರೇನಹಳ್ಳಿಯಿಂದ ನನ್ನ ನಾದಿನಿ ಬಂದಳು. ಸುಮ್ಮನೆ ಅಮ್ಮನಿಗೆ ಸಹಾಯಕ್ಕೆ ಎಂದಳು. ಮೂರನೆಯ ವಾರವೂ ಬಂದಳು. ಹಬ್ಬಕ್ಕೆ ಕರೆದರೂ ಕೆಲಸವಿದೆ ಎನ್ನುವವಳು, ಈಗ ಎಂಟು ಗಂಟೆಗೇ ಬಾಗಿಲಲ್ಲಿ.

ಆ ಮೂರನೆಯ ಭಾನುವಾರ ಹೋಳಿಗೆ ಸಾರು. ಬೇಳೆ ಬೇಯುತ್ತಿರುವಾಗ ಯಾರೋ ಬೆಲ್ ಮಾಡಿದರು. ಬಂದಿದ್ದು ಪಕ್ಕದ ಬೀದಿಯ ಪಾರ್ಸೆಲ್, ನಮ್ಮ ಮನೆಯದಲ್ಲ. ವಿಳಾಸ ತಿಳಿಸಿ, ಎದುರುಮನೆಯವರ ಜೊತೆ ಎರಡು ಮಾತಾಡಿ ಒಳಗೆ ಬರುವ ಹೊತ್ತಿಗೆ ಹತ್ತು ನಿಮಿಷ ಕಳೆದಿತ್ತು. ಕಿಟಕಿ ತೆರೆದಿತ್ತು. ಧ್ವನಿ ಹಾಳಾಗುತ್ತದೆ ಎಂದು ಗೊಣಗುತ್ತಾ ಅದನ್ನು ಮತ್ತೆ ಮುಚ್ಚಿದೆ. ನಾದಿನಿ ಕರಿಬೇವು ಬಿಡಿಸುತ್ತಿದ್ದಳು.

ಬುಧವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಮೈಕಿನ ಧ್ವನಿಯನ್ನಷ್ಟೇ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದೆ. ನಾನು ಹೊರಗೆ ಹೋಗಿದ್ದ ಭಾಗ ಬಂತು. ಮೊದಲು ಹಳೇ ಪೇಪರ್ ಗಾಡಿಯ ಕೂಗು, ಅದರಡಿಯಲ್ಲಿ ಅಸ್ಪಷ್ಟ ಮಾತು. ಗಾಡಿ ದೂರವಾದ ಮೇಲೆ ನಾದಿನಿಯ ದನಿ ಸ್ಪಷ್ಟವಾಯಿತು.

"ಅತ್ತಿಗೆಗೆ ಹೇಳಿಬಿಡೋಣಮ್ಮ."

"ಬೇಡ. ಅವಳಿಗೆ ಗೊತ್ತಾದ್ರೆ ಅಡುಗೆಮನೆ ನನ್ನ ಕೈಬಿಟ್ಟು ಹೋಗುತ್ತೆ. ನಿಮ್ಮಣ್ಣಂಗೂ ಹೇಳ್ಬೇಡ."

"ಎಷ್ಟು ದಿನ ಅಂತ ನಾನು ಪಕ್ಕದಲ್ಲಿ ನಿಂತು ಸನ್ನೆ ಮಾಡ್ಲಿ?"

"ಇನ್ನು ಮೂರು ವಾರ ಕಣೇ. ಅಷ್ಟು ಸಾಕು."

ಅದೇ ನಾಲ್ಕು ಮಾತನ್ನು ಮತ್ತೆ ಮತ್ತೆ ಕೇಳಿದೆ. ಸನ್ನೆ ಎಂಬ ಮಾತು ಹಿಡಿದು ಚಿತ್ರಗಳಲ್ಲಿ ಹುಡುಕಿದೆ. ಸಿಕ್ಕಿತು. ಹುರಿಯುವಾಗ ಅತ್ತೆ ತಟ್ಟನೆ ಮಗಳ ಮುಖ ನೋಡುತ್ತಾರೆ, ಅವಳು ತಲೆದೂಗುತ್ತಾಳೆ ಅಥವಾ ಇನ್ನೂ ಬೇಡವೆಂದು ಕೈಯಾಡಿಸುತ್ತಾಳೆ, ತಲೆದೂಗಿದ ಮೇಲೆ ಅತ್ತೆ ಒಲೆ ಸಣ್ಣ ಮಾಡುತ್ತಾರೆ. ಇದನ್ನೆಲ್ಲ ನಾನು ಮೊದಲೇ ನೋಡಿದ್ದೆ, ಬೇಡದ ಭಾಗವೆಂದು ಕತ್ತರಿಸಿ ಬಿಟ್ಟಿದ್ದೆ. ಈಗ ಆ ತುಂಡುಗಳನ್ನೇ ಹೆಕ್ಕಿ ಒಂದರ ಪಕ್ಕ ಒಂದು ಜೋಡಿಸಿದೆ. ಏಳು ನೋಟ, ಏಳು ಸನ್ನೆ, ಒಟ್ಟು ಒಂದು ನಿಮಿಷಕ್ಕೂ ಕಡಿಮೆ. ಕೊನೆಯಲ್ಲಿ ಆ ಮಾತುಗಳನ್ನು ಇಟ್ಟೆ. ಹಾಗೆ ನೋಡಿದಾಗ ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ತಾಯಿ ಮಗಳು ಸೇರಿ ನನಗೆ ಸುಳ್ಳು ಅಡುಗೆ ತೋರಿಸುತ್ತಿದ್ದರು. ಯಾವ ಸಾಮಾನು ಬಿಡಬೇಕು, ಯಾವಾಗ ಇಳಿಸಿಬಿಡಬೇಕು ಎಂಬುದು ಸನ್ನೆಯಲ್ಲಿ ನಡೆಯುತ್ತಿತ್ತು.

ಶನಿವಾರ ಮಧ್ಯಾಹ್ನ ಗಂಡನಿಗೆ ತೋರಿಸಿದೆ. ಅವರು ಊಟದ ತಟ್ಟೆ ಮುಂದಿಟ್ಟುಕೊಂಡೇ ಎರಡು ಸಲ ನೋಡಿದರು.

"ಇದನ್ನ ಜೋಡಿಸಿದ್ದು ಯಾರು?"

"ನಾನೇ."

"ಹಿಂದೆ ಮುಂದೆ ಏನಿತ್ತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಹೀಗೆ ಜೋಡಿಸಿದ್ರೆ ನಾನೂ ಕಳ್ಳನ ಥರ ಕಾಣ್ತೀನಿ."

ಅವರು ಅಮ್ಮನ ಪರ ವಹಿಸುತ್ತಿದ್ದಾರೆ ಎಂದುಕೊಂಡೆ. ಸಿಟ್ಟಿನಿಂದಲೇ, ಹಿಂದೆ ಮುಂದಿನದನ್ನೂ ತೋರಿಸಿ ಅವರ ಬಾಯಿ ಮುಚ್ಚಿಸಲು ಹೋಳಿಗೆ ಸಾರಿನ ದಿನ ಸ್ಟ್ಯಾಂಡಿನ ಫೋನಿನಲ್ಲಿ ಬಂದ, ನಾನಿನ್ನೂ ಉದ್ದಕ್ಕೂ ನೋಡಿರದ ಪೂರ್ತಿ ರೆಕಾರ್ಡಿಂಗ್ ತೆರೆದೆ. ಪಕ್ಕದ ಮೇಜಿನವರು ಇನ್ನೊಂದು ಮಾತು ಹೇಳಿದ್ದರು: ಕತ್ತರಿಸುವ ಮೊದಲು ಒಮ್ಮೆ ಧ್ವನಿ ತೆಗೆದು ನೋಡಿ, ಮಾತು ಇಲ್ಲದಿದ್ದಾಗ ಕಣ್ಣು ಕೆಲಸ ಮಾಡುತ್ತದೆ. ಧ್ವನಿ ತೆಗೆದೆ.

ನಾನು ಬಾಗಿಲಿಗೆ ಹೋಗುತ್ತೇನೆ. ನಾದಿನಿ ಹಿತ್ತಲಿಗೆ ಕರಿಬೇವು ತರಲು ಹೋಗುತ್ತಾಳೆ. ಅತ್ತೆ ಒಬ್ಬರೇ. ಬೇಳೆ ಉಕ್ಕಿ ಪಾತ್ರೆಯ ಬದಿಯಿಂದ ಇಳಿಯುತ್ತದೆ, ಒಲೆ ಆರಿಹೋಗುತ್ತದೆ. ಅತ್ತೆ ಅದರ ಪಕ್ಕದಲ್ಲೇ ನಿಂತು ಕಾಯಿ ತುರಿಯುತ್ತಿದ್ದಾರೆ. ಒಲೆಯ ನಾಬ್ ತಿರುಗಿಸುವುದಿಲ್ಲ. ಒಂದು ನಿಮಿಷ, ಎರಡು ನಿಮಿಷ. ನಾದಿನಿ ಒಳಗೆ ಕಾಲಿಟ್ಟವಳೇ ಸೆರಗು ಮೂಗಿಗೆ ಒತ್ತಿ ಓಡಿಬಂದು ಗ್ಯಾಸ್ ನಿಲ್ಲಿಸಿ ಕಿಟಕಿ ತೆರೆಯುತ್ತಾಳೆ. ಅತ್ತೆ ಅವಳನ್ನು ನೋಡುತ್ತಾ ನಿಂತಿದ್ದಾರೆ, ಏನಾಯಿತೆಂದು ತಿಳಿಯದವರ ಹಾಗೆ.

ಕಿಟಕಿ ಮುಚ್ಚಿಸಿದ್ದು ನಾನು. ಫ್ಯಾನ್ ನಿಲ್ಲಿಸಿದ್ದೂ ನಾನು.

ಆ ಏಳು ನೋಟಗಳನ್ನು ಅವುಗಳ ಜಾಗಕ್ಕೆ ವಾಪಸ್ಸು ಇಟ್ಟು ನೋಡಿದೆ. ಪ್ರತಿಯೊಂದೂ ಬರುವುದು ಏನಾದರೂ ಹುರಿದು ಘಮ ಬರುವ ಹೊತ್ತಿಗೆ. ಘಮ ಬಂತೇ ಎಂದು ಅತ್ತೆ ಕಣ್ಣಿನಲ್ಲೇ ಕೇಳುತ್ತಿದ್ದರು, ಬಂತು ಅಥವಾ ಇನ್ನೂ ಇಲ್ಲ ಎಂದು ಮಗಳು ಸನ್ನೆಯಲ್ಲಿ ಹೇಳುತ್ತಿದ್ದಳು. ಚಟ್ನಿಪುಡಿಯ ದಿನ ಹೇಳಲು ಯಾರೂ ಇರಲಿಲ್ಲ. ಅದಕ್ಕೇ ಹಸಿ ಉಳಿದಿತ್ತು.

ಅತ್ತೆ ವರಾಂಡದಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತೆ.

"ಅತ್ತೆ, ಅವತ್ತು ಗ್ಯಾಸ್ ಆರಿದ್ದು ವಿಡಿಯೋದಲ್ಲಿ ಬಂದಿದೆ."

ಅವರ ಕೈ ನಿಂತಿತು. "ಎಲ್ಲರಿಗೂ ತೋರಿಸ್ತೀಯಾ?"

"ಇಲ್ಲ. ಯಾವಾಗಿಂದ ವಾಸನೆ ಬರ್ತಿಲ್ಲ?"

"ಹೋದ ವರ್ಷ ಜ್ವರ ಬಂದಿತ್ತಲ್ಲ, ಆವಾಗಿಂದ. ದಿನದ ಅಡುಗೆ ಕೈ ಅಭ್ಯಾಸದ ಮೇಲೆ ನಡೀತಿತ್ತು, ಹುರಿಯೋದನ್ನ ಆದಷ್ಟೂ ತಪ್ಪಿಸ್ತಿದ್ದೆ." ಇನ್ನೊಂದು ಕಡ್ಡಿ ಎತ್ತಿಕೊಂಡು ಬಿಡಿಸತೊಡಗಿದರು. "ನೀನು ಕ್ಯಾಮೆರಾ ತಂದು ಇಟ್ಟಾಗ್ಲೇ ಅಂದ್ಕೊಂಡೆ, ಇವಳಿಗೆ ಏನೋ ಗುಮಾನಿ ಬಂದಿದೆ, ನನ್ನ ಹಿಡಿಯೋಕೆ ಮಾಡ್ತಿದಾಳೆ ಅಂತ. ಮತ್ತೆ ಮೊದಲಿಂದ ಮಾಡಿ, ಮತ್ತೆ ಮೊದಲಿಂದ ಮಾಡಿ ಅಂತಿದ್ದೆ. ತಪ್ಪು ಹುಡುಕ್ತಿದೀಯ ಅಂತಲೇ ತಿಳ್ಕೊಂಡಿದ್ದೆ ಕಣವ್ವ."

ನಾನು ಅವರ ಬಗ್ಗೆ ಏನು ತಿಳಿದುಕೊಂಡಿದ್ದೆ ಎಂಬುದನ್ನು ಅಂದು ಹೇಳಲಿಲ್ಲ. ಆಮೇಲೂ ಹೇಳಿಲ್ಲ.

ಗಂಡನಿಗೆ ನಾನೇ ತಿಳಿಸಿದೆ, ಅತ್ತೆಯ ಒಪ್ಪಿಗೆ ಪಡೆದು. ಮೂಗಿನ ಡಾಕ್ಟರು ಪರೀಕ್ಷೆ ಮಾಡಿ, ವಾಸನೆ ಮರಳಬಹುದು, ಮರಳದೆಯೂ ಇರಬಹುದು ಎಂದರು. ಉರಿ ಆರಿದರೆ ತಾನಾಗಿ ಗ್ಯಾಸ್ ನಿಲ್ಲುವಂಥ ಒಲೆ ಮನೆಗೆ ಬಂತು. ಅಡುಗೆಮನೆ ಅತ್ತೆಯ ಕೈಯಲ್ಲೇ ಉಳಿಯಿತು. ಉಳಿದ ಮೂರು ಭಾನುವಾರ ಕಿಟಕಿ ತೆರೆದಿಟ್ಟೇ ತೆಗೆದೆವು. ಸ್ಕೂಟರು, ಹೂವಿನವಳು, ಪಕ್ಕದ ಮನೆಯ ನಾಯಿ, ಎಲ್ಲ ಧ್ವನಿಗಳೂ ಅದರಲ್ಲಿವೆ. ಅಗಸೆ ಪುಡಿಯನ್ನು ಹೊಸದಾಗಿ ತೆಗೆದೆವು. ಈ ಸಲ ಬಾಣಲೆಯ ಪಕ್ಕ ನಿಂತು ಘಮ ಹೇಳಿದವಳು ನಾನು. ಅಗಸೆ ಎಷ್ಟು ಚಟಪಟ ಎಂದ ಮೇಲೆ ಇಳಿಸಬೇಕು ಎಂಬುದು ಆಗ ತಿಳಿಯಿತು.

ಆರು ವಿಡಿಯೋಗಳನ್ನೂ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಹೊಗಳಿದರು. ಮರುದಿನ ನಾದಿನಿ ಫೋನ್ ಮಾಡಿದಳು.

"ಅತ್ತಿಗೆ, ತೆಗೆದಿದ್ದೆಲ್ಲ ನಂಗೆ ಬೇಕು. ಕತ್ತರಿಸಿ ಬಿಟ್ಟಿದ್ದೂ ಸೇರಿಸಿ."

ಅಮ್ಮನ ಮಾತುಗಳು ಒಂದೂ ಕಳೆದುಹೋಗದಿರಲಿ ಎಂದು ಕೇಳಿರಬಹುದು. ನಾನು ಇನ್ನೇನು ಇಟ್ಟುಕೊಂಡಿದ್ದೇನೆ ಎಂದು ನೋಡುವುದಕ್ಕೂ ಇರಬಹುದು. ಯಾಕೆ ಎಂದು ಕೇಳಲಿಲ್ಲ. ಏಳು ನೋಟಗಳ ಆ ಒಂದು ನಿಮಿಷದ ತುಂಡನ್ನು ಮಾತ್ರ ಅಳಿಸಿ, ಉಳಿದದ್ದನ್ನೆಲ್ಲ, ಗ್ಯಾಸ್ ಆರಿದ ಭಾಗವನ್ನೂ ಸೇರಿಸಿ, ಒಂದು ಪೆನ್‌ಡ್ರೈವ್‌ಗೆ ಹಾಕಿ ಮಾರೇನಹಳ್ಳಿಗೆ ಹೋಗಿ ಕೊಟ್ಟುಬಂದೆ. ಅವಳು ಕಾಫಿ ಕೊಟ್ಟಳು. ಪೆನ್‌ಡ್ರೈವ್ ಅನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.